ಸರಳರೇಖೆಯ ಸಮೀಕರಣ: ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಅದರ ಚರಿತ್ರೆ

ಸಮತಲದ ಮೇಲೆ ಎಳೆದ ಒಂದು ನೇರ ಗೆರೆಯ ಎಲ್ಲ ಬಿಂದುಗಳಿಗೂ ಒಪ್ಪುವ, ಗೆರೆಯಾಚೆಯ ಯಾವ ಬಿಂದುವಿಗೂ ಒಪ್ಪದ ಬೀಜಗಣಿತದ ಹೇಳಿಕೆಗೆ ಸರಳರೇಖೆಯ ಸಮೀಕರಣ ಎಂದು ಹೆಸರು. ಒಂದಕ್ಕೊಂದು ಲಂಬವಾಗಿರುವ ಎರಡು ಅಕ್ಷಗಳನ್ನು ಹಾಕಿಕೊಂಡು, ಬಿಂದುವಿನ ಅಡ್ಡ ದೂರವನ್ನು ‘ಕ್ಷ’ ಎಂದೂ ಎತ್ತರವನ್ನು ‘ಯ’ ಎಂದೂ ಕರೆದರೆ, ಲಂಬವಾಗಿ ನಿಂತ ಗೆರೆಯೊಂದನ್ನು ಬಿಟ್ಟು ಉಳಿದ ಯಾವ ಸರಳರೇಖೆಯನ್ನಾದರೂ ಯ = ಮ×ಕ್ಷ + ಕ ಎಂದು ಬರೆಯಬಹುದು. ಇಲ್ಲಿ ‘ಮ’ ಎಂಬುದು ಇಳಿಜಾರು, ಅಂದರೆ ಕ್ಷ ಒಂದರಷ್ಟು ಮುಂದೆ ಹೋದಾಗ ಯ ಎಷ್ಟು ಏರುತ್ತದೆ ಅಥವಾ ಇಳಿಯುತ್ತದೆ ಎಂಬ ಅಳತೆ. ‘ಕ’ ಎಂಬುದು ಗೆರೆಯು ನಿಂತ ಅಕ್ಷವನ್ನು ಕಡಿಯುವ ಎತ್ತರ. ಇಂದಿನ ಪಠ್ಯಪುಸ್ತಕಗಳು ರೋಮನ್ ಅಕ್ಷರಗಳಲ್ಲೇ ಇದನ್ನು ಅಚ್ಚು ಹಾಕುತ್ತವೆ, ಮಕ್ಕಳು ‘ವೈ ಈಕ್ವಲ್ ಟು ಎಂಎಕ್ಸ್ ಪ್ಲಸ್ ಸಿ’ ಎಂದೇ ಬಾಯಿಪಾಠ ಮಾಡುತ್ತಾರೆ. ಕ್ಷ-ಕಿರಣದ ಹೆಸರಿನಲ್ಲಿ ಕನ್ನಡಕ್ಕೆ ಮೊದಲೇ ಪರಿಚಯವಿರುವ ‘ಕ್ಷ’ ಮತ್ತು ಅದರ ಜೊತೆಗಾರ ‘ಯ’ ಈ ಲೇಖನದ ಕೆಲಸಕ್ಕೆ ಸಾಕು.

ಈ ಸೀಮೆಯಲ್ಲಿ ಸಮೀಕರಣವೂ ಇತ್ತು, ಗೆರೆಯೂ ಇತ್ತು. ಆದರೆ ಅವು ಬೇರೆ ಬೇರೆ ಜನರ ಕೈಯಲ್ಲಿದ್ದವು. ಲೆಕ್ಕದ ಶಾಸ್ತ್ರ ಬಲ್ಲವರು ಸಮೀಕರಣ ಬಿಡಿಸುತ್ತಿದ್ದರು, ಚಿತ್ರ ಬರೆಯುತ್ತಿರಲಿಲ್ಲ. ಹೊಲ ಅಳೆಯುವವರು ಚಿತ್ರ ಬರೆಯುತ್ತಿದ್ದರು, ಸಮೀಕರಣ ಬರೆಯುತ್ತಿರಲಿಲ್ಲ. ಇವೆರಡನ್ನು ಕೂಡಿಸಿದ ಗಣಿತ 17ನೆಯ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿ, ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗಳ ಬೆನ್ನೇರಿ ಧಾರವಾಡಕ್ಕೆ ಬಂದಿತು.

ಮಾದಲ ಹಣ್ಣು, ಬೇಲದ ಹಣ್ಣು

ಕನ್ನಡ ನಾಡಿನಲ್ಲಿ ಒಂದನೆಯ ಘಾತದ ಸಮೀಕರಣಗಳ ಅತಿ ಸೊಗಸಾದ ಹಳೆಯ ಉದಾಹರಣೆ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿದೆ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಸಂಸ್ಕೃತದಲ್ಲಿ ಬರೆದ ಗ್ರಂಥವಿದು. ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಧಾರವಾಡದ ಆಸುಪಾಸಿನ ಬೆಳ್ವೊಲ, ಪುಲಿಗೆರೆ ನಾಡುಗಳೂ ಅದೇ ರಾಜ್ಯದ ಒಳಗಿದ್ದವು.

ಮಹಾವೀರನ ಲೆಕ್ಕ ಹೀಗಿದೆ: 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿನ ಒಟ್ಟು ಬೆಲೆ 107, 7 ಮಾದಲ ಮತ್ತು 9 ಬೇಲದ ಹಣ್ಣಿನ ಒಟ್ಟು ಬೆಲೆ 101, ಒಂದೊಂದರ ಬೆಲೆ ಎಷ್ಟು? ಅವನು ಕೊಡುವ ಸೂತ್ರದಂತೆ ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದಲೂ ಸಣ್ಣ ಮೊತ್ತವನ್ನು ಸಣ್ಣ ಸಂಖ್ಯೆಯಿಂದಲೂ ಗುಣಿಸಿ ಕಳೆಯಬೇಕು, ಬಂದದ್ದನ್ನು ಆ ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಬೇಕು. 107ರ ಒಂಬತ್ತರಷ್ಟು 963, 101ರ ಏಳರಷ್ಟು 707, ಕಳೆದರೆ 256. 81ರಲ್ಲಿ 49 ಹೋದರೆ 32. 256ನ್ನು 32ರಿಂದ ಭಾಗಿಸಿದರೆ 8, ಇದು ಮಾದಲ ಹಣ್ಣಿನ ಬೆಲೆ. ಬೇಲದ ಹಣ್ಣಿಗೆ 5.

ಇಂದು ಹತ್ತನೆಯ ತರಗತಿಯವರು ಇದೇ ಲೆಕ್ಕವನ್ನು ಗ್ರಾಫ್ ಹಾಳೆಯ ಮೇಲೆ ಮಾಡುತ್ತಾರೆ. ಮಾದಲದ ಬೆಲೆ ಕ್ಷ, ಬೇಲದ ಬೆಲೆ ಯ ಎಂದುಕೊಂಡರೆ 9ಕ್ಷ + 7ಯ = 107 ಒಂದು ಗೆರೆ, 7ಕ್ಷ + 9ಯ = 101 ಇನ್ನೊಂದು ಗೆರೆ. ಮೊದಲನೆಯದರ ಇಳಿಜಾರು −9/7, ಎರಡನೆಯದರದು −7/9. ಎರಡೂ ಬಲಕ್ಕೆ ಇಳಿಯುತ್ತವೆ, (8, 5) ಎಂಬಲ್ಲಿ ಒಂದನ್ನೊಂದು ಕಡಿಯುತ್ತವೆ. ಮಹಾವೀರನ ಭಾಜಕ ಯಾಕೆ ವರ್ಗಗಳ ವ್ಯತ್ಯಾಸವಾಯಿತು ಎಂಬುದೂ ಗೆರೆಗಳನ್ನು ಕಂಡಾಗ ತಿಳಿಯಾಗುತ್ತದೆ. ಎರಡು ಹಣ್ಣುಗಳ ಸಂಖ್ಯೆ ಒಂದೇ ಆಗಿಬಿಟ್ಟರೆ ಭಾಜಕ ಸೊನ್ನೆಯಾಗುತ್ತದೆ, ಇಳಿಜಾರು ಎರಡಕ್ಕೂ ಒಂದೇ ಆಗುತ್ತದೆ. ಆಗ ಗೆರೆಗಳು ಸಮಾಂತರವಾಗಿ ಎಲ್ಲಿಯೂ ಸೇರವು, ಇಲ್ಲವೇ ಒಂದರ ಮೇಲೊಂದು ಮಲಗುತ್ತವೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಬೇರೊಂದು ಕಡೆ ಬರೆದು ಎಡವಿದವನೂ ಇದೇ ಮಹಾವೀರ. ಅವನ ಕಣ್ಣೆದುರು ಈ ಚಿತ್ರ ಇದ್ದಿದ್ದರೆ ಆ ಮಾತು ಬರುತ್ತಿತ್ತೋ ಇಲ್ಲವೋ.

ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು 2000ದಲ್ಲಿ ಹೊಂಬುಜ ಜೈನ ಮಠ ಹೊರತಂದಿತು.

ಬಣ್ಣಗಳ ಬೀಜಗಣಿತ

ಸಮೀಕರಣವನ್ನು ಬರೆಯುವ ಬಗೆಯಲ್ಲಿ ದೊಡ್ಡ ಹೆಸರು ಭಾಸ್ಕರಾಚಾರ್ಯನದು (ಜನನ 1114). ಅವನ ಊರು ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ. ಅದು ವಿಜಯಪುರವೇ ಎಂದು ಕನ್ನಡದ ಅನೇಕರು ವಾದಿಸಿದ್ದಾರೆ, ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟಣದ ಕಡೆಗೆ ಕೈ ತೋರಿಸುವವರೂ ಇದ್ದಾರೆ. 1150ರ ಹೊತ್ತಿನ ಅವನ ‘ಬೀಜಗಣಿತ’ದಲ್ಲಿ ಮೊದಲ ಅವ್ಯಕ್ತಕ್ಕೆ (ಬೆಲೆ ಗೊತ್ತಿಲ್ಲದ ರಾಶಿಗೆ) ಯಾವತ್ತಾವತ್, ಮುಂದಿನವುಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಮೊದಲಕ್ಷರ ಸಾಕು: ಯಾ, ಕಾ, ನೀ, ಪೀ. ಬಿಡಿ ಸಂಖ್ಯೆಗೆ ‘ರೂ’, ಅಂದರೆ ರೂಪ. ಋಣವಾದರೆ ಅಂಕಿಯ ಮೇಲೊಂದು ಚುಕ್ಕೆ. ಸಮ ಚಿಹ್ನೆ ಇಲ್ಲ. ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಇಡುತ್ತಿದ್ದರು. ಹಣ್ಣಿನ ಲೆಕ್ಕವನ್ನು ಆ ಪದ್ಧತಿಗೆ ಇಳಿಸಿದರೆ ಮೇಲಿನ ಸಾಲು ‘ಯಾ 9 ಕಾ 7 ರೂ 0’, ಕೆಳಗಿನದು ‘ಯಾ 0 ಕಾ 0 ರೂ 107’ ಎಂದಾಗುತ್ತದೆ. ಇಷ್ಟು ಅಚ್ಚುಕಟ್ಟಾದ ಬರವಣಿಗೆ ಆ ಕಾಲದ ಯುರೋಪಿನಲ್ಲಿ ಇರಲಿಲ್ಲ.

ಒಂದೇ ಸಮೀಕರಣ, ಎರಡು ಅವ್ಯಕ್ತ ಇದ್ದಾಗ ಉತ್ತರಗಳು ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಪೂರ್ಣಾಂಕದ ಉತ್ತರಗಳನ್ನು ಹೆಕ್ಕುವ ಉಪಾಯವೇ ಕುಟ್ಟಕ. ಕ್ರಿ.ಶ. 499ರಲ್ಲಿ ಆರ್ಯಭಟ ಕೊಟ್ಟ ಈ ವಿಧಾನವನ್ನು ಮಹಾವೀರ ‘ವಲ್ಲಿಕಾಕುಟ್ಟೀಕಾರ’ ಎಂದು ಬೆಳೆಸಿದ, ಭಾಸ್ಕರ ಅದಕ್ಕೆ ಪೂರ್ತಿ ಅಧ್ಯಾಯವನ್ನೇ ಮೀಸಲಿಟ್ಟ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಹುಡುಕುತ್ತಿದ್ದುದು ಸರಳರೇಖೆಯೊಂದರ ಮೇಲೆ ಬೀಳುವ ಪೂರ್ಣಾಂಕ ಬಿಂದುಗಳನ್ನು. ಗ್ರಹಗಳ ಸುತ್ತು, ಉಳಿದ ದಿನಗಳ ಲೆಕ್ಕ ಅವರ ಗುರಿಯಾಗಿದ್ದುದರಿಂದ ಬಿಂದುಗಳ ನಡುವಿನ ಗೆರೆ ಅವರಿಗೆ ಬೇಡವಾಗಿತ್ತು. ‘ಲೀಲಾವತಿ’ಯ ಇಷ್ಟಕರ್ಮವೂ ಹೀಗೆಯೇ. ಮನಸ್ಸಿಗೆ ಬಂದ ಸಂಖ್ಯೆಯೊಂದನ್ನು ಹಿಡಿದು, ಲೆಕ್ಕ ಹೇಳಿದಂತೆ ಮಾಡಿ, ಬಂದ ಉತ್ತರವನ್ನು ಕೊಟ್ಟ ಉತ್ತರಕ್ಕೆ ತ್ರೈರಾಶಿಯಿಂದ ಸರಿದೂಗಿಸುವ ಉಪಾಯವದು. ಗೆರೆ ಅಕ್ಷಗಳೆರಡೂ ಕೂಡುವ ಮೂಲಬಿಂದುವಿನ ಮೂಲಕ ಹಾದುಹೋಗುವಾಗ, ಅಂದರೆ ‘ಕ’ ಸೊನ್ನೆಯಾಗಿರುವಾಗ ಮಾತ್ರ ಅದು ಫಲಿಸುತ್ತದೆ. ಊರಿನ ಅಂಗಡಿಯ ತ್ರೈರಾಶಿಯ ಲೆಕ್ಕಗಳೆಲ್ಲ ಆ ಜಾತಿಯವೇ ಆದ್ದರಿಂದ ಶತಮಾನಗಳ ಕಾಲ ಯಾರಿಗೂ ಕೊರತೆ ಕಾಣಲಿಲ್ಲ.

ಕನ್ನಡದಲ್ಲೇ ಗಣಿತ ಬರೆದ ಮೊದಲಿಗ 12ನೆಯ ಶತಮಾನದ ರಾಜಾದಿತ್ಯ. ಅವನ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳ ಹೆಸರುಗಳೇ ಲೆಕ್ಕಕ್ಕೂ ಗೆರೆಗೂ ನಡುವೆ ಇದ್ದ ಬೇಲಿಯನ್ನು ತೋರಿಸುತ್ತವೆ: ವ್ಯವಹಾರದ ಲೆಕ್ಕ ಒಂದು ಪುಸ್ತಕದಲ್ಲಿ, ಆಕೃತಿಗಳ ಲೆಕ್ಕ ಇನ್ನೊಂದರಲ್ಲಿ.

ಗೆರೆಗೆ ಸಮೀಕರಣ ಸಿಕ್ಕಿದ್ದು

ಬೇಲಿಯನ್ನು ಕಿತ್ತವರು ಪಿಯರ್ ದ ಫರ್ಮಾ ಮತ್ತು ರೆನೆ ಡೇಕಾರ್ಟ್. ಫರ್ಮಾ 1636ರ ಹೊತ್ತಿಗೆ ಬರೆದು ಹಸ್ತಪ್ರತಿಯಲ್ಲೇ ಹಂಚಿದ ಪ್ರಬಂಧದಲ್ಲಿ, ಎರಡು ಅವ್ಯಕ್ತಗಳ ಸಮೀಕರಣದಲ್ಲಿ ಘಾತ ಒಂದನ್ನು ಮೀರದಿದ್ದರೆ ಸಿಗುವುದು ಸರಳರೇಖೆಯೇ ಎಂದು ಸ್ಪಷ್ಟವಾಗಿ ಹೇಳಿದ. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1679ರಲ್ಲಿ. ಡೇಕಾರ್ಟನ ‘ಜ್ಯಾಮಿತಿ’ 1637ರಲ್ಲೇ ಅಚ್ಚಾಗಿ ಹೆಸರು ಗಳಿಸಿತು, ಆದರೆ ಕಷ್ಟದ ವಕ್ರರೇಖೆಗಳ ಬೆನ್ನು ಹತ್ತಿದ್ದ ಅವನಿಗೆ ಸರಳರೇಖೆ ತೀರ ಸಣ್ಣ ಸಂಗತಿ. ಬಿಂದುವನ್ನು ಕ್ಷ, ಯ ಎಂಬಂಥ ನಿರ್ದೇಶಾಂಕಗಳಿಂದ ಗುರುತಿಸುವ ಪದ್ಧತಿಗೆ ಡೇಕಾರ್ಟನ ಹೆಸರು ಅಂಟಿಕೊಂಡಿದೆ. ಸರಳರೇಖೆಯ ಮಟ್ಟಿಗಾದರೂ ಆ ಗೌರವ ಫರ್ಮಾನದು.

ಡಚ್ಚರ ರಾಜಕಾರಣಿ ಯಾನ್ ದ ವಿಟ್ 1660ರ ಆಸುಪಾಸಿನಲ್ಲಿ ಸರಳರೇಖೆಗೆ ಒಂದಲ್ಲ, ನಾಲ್ಕು ಸಮೀಕರಣ ಬರೆದ. ಅಕ್ಷರಗಳಿಗೆ ಧನ ಬೆಲೆ ಮಾತ್ರ ಕೊಡುವ ರೂಢಿಯಿದ್ದುದರಿಂದ ಏರುವ ಗೆರೆ, ಇಳಿಯುವ ಗೆರೆ, ಅಕ್ಷದ ಮೇಲೆ ಕಡಿಯುವುದು, ಕೆಳಗೆ ಕಡಿಯುವುದು ಎಲ್ಲಕ್ಕೂ ಪ್ರತ್ಯೇಕ ಸೂತ್ರ ಬೇಕಾಗಿತ್ತು. ಋಣ ಸಂಖ್ಯೆಗೆ ಚುಕ್ಕೆಯಿಟ್ಟು ನಿರಾಳವಾಗಿದ್ದ ಭಾಸ್ಕರನ ಶಿಷ್ಯರಿಗೆ ಈ ಪಾಡು ವಿಚಿತ್ರವಾಗಿ ಕಾಣುತ್ತಿತ್ತು. ಇಂದಿನ ಪಠ್ಯದ ರೂಪಗಳು, ಅಂದರೆ ಒಂದು ಬಿಂದು ಮತ್ತು ಇಳಿಜಾರು ಗೊತ್ತಿದ್ದಾಗಿನದು, ಎರಡು ಬಿಂದು ಗೊತ್ತಿದ್ದಾಗಿನದು, 18ನೆಯ ಶತಮಾನದ ಕೊನೆಯಲ್ಲಿ ಗಾಸ್ಪಾರ್ ಮೊಂಜ್ ಮತ್ತು ಅವನ ಬಳಗದ ಲಕ್ರ್ವಾ ಅವರ ಬರಹಗಳಿಂದ ನೆಲೆಗೊಂಡವು.

ಇಳಿಜಾರಿಗೆ ‘ಎಂ’ ಅಕ್ಷರ ಏಕೆ ಬಂತು ಎಂಬುದಕ್ಕೆ ಗಟ್ಟಿ ಉತ್ತರ ಇಲ್ಲ. ಏರುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂತೆಂಬ ಕಥೆಗೆ ಆಧಾರವಿಲ್ಲ, ಫ್ರೆಂಚರು ತಮ್ಮ ಶಾಲೆಗಳಲ್ಲಿ ಆ ಜಾಗಕ್ಕೆ ಹೆಚ್ಚಾಗಿ ‘ಎ’ ಬರೆಯುತ್ತಾರೆ. ಅಮೆರಿಕದವರು ಸ್ಥಿರಾಂಕಕ್ಕೆ ‘ಬಿ’ ಎನ್ನುತ್ತಾರೆ, ಬ್ರಿಟಿಷರು ‘ಸಿ’ ಎನ್ನುತ್ತಾರೆ. ಧಾರವಾಡದ ಹುಡುಗರ ಬಾಯಲ್ಲಿ ‘ಪ್ಲಸ್ ಸಿ’ ನಿಂತದ್ದು ಬ್ರಿಟಿಷ್ ಪುಸ್ತಕಗಳಿಂದ.

ಸರಪಳಿ, ಟಿಪ್ಪಣ, ಗುಂಟೆ

ಕಾಲೇಜಿನ ಗಣಿತ ಬರುವುದಕ್ಕೆ ಮುಂಚೆಯೇ ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ನಿರ್ದೇಶಾಂಕಗಳು ಓಡಾಡುತ್ತಿದ್ದವು. ಈ ಕಥೆಯನ್ನು ಗಣಿತದ ಪುಸ್ತಕಗಳು ಹೇಳುವುದಿಲ್ಲ, ಹೇಳಬೇಕಿತ್ತು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಸೀಮೆ ಕಂಪನಿ ಸರಕಾರದ ಕೈಗೆ ಬಂತು. ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ ಮುಂಬಯಿ ಪದ್ಧತಿಯ ಕಂದಾಯ ಮೋಜಿಣಿ (ಭೂಮಾಪನ) 1840ರ ದಶಕದಲ್ಲಿ ಧಾರವಾಡದ ಕಡೆಗೂ ಹಬ್ಬಿತು. ಅದರ ನಿಯಮಗಳನ್ನು ಗಟ್ಟಿ ಮಾಡಿದ ಜಂಟಿ ವರದಿಯ ವರ್ಷ 1847. ಇದರ ಅಳತೆಯ ಸಾಧನ 33 ಅಡಿಯ ಸರಪಳಿ, ಅದನ್ನು 16 ಆಣೆಗಳಾಗಿ ಭಾಗ ಮಾಡಿತ್ತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಗುಂಟೆ: 1,089 ಚದರ ಅಡಿ. 40 ಗುಂಟೆ ಸೇರಿದರೆ 43,560 ಚದರ ಅಡಿ, ಒಂದು ಎಕರೆ. ಸರಪಳಿಯಲ್ಲಿ ಅಳೆದು ಗುಣಿಸಿದರೆ ಬೇರೆ ಪರಿವರ್ತನೆ ಇಲ್ಲದೆ ಗುಂಟೆಯೇ ಕೈಗೆ ಬರುವಂತೆ ಮಾಡಿದ ಏರ್ಪಾಡು ಅದು.

ಮೋಜಿಣಿದಾರ ಹೊಲದ ನಡುವೆ ಒಂದು ಆಧಾರರೇಖೆ ಹಿಡಿಯುತ್ತಾನೆ. ಸರಪಳಿ ಅದರ ಗುಂಟ ಸಾಗುತ್ತದೆ. ಬದುವಿನ ಪ್ರತಿ ತಿರುವಿಗೂ ಎದುರಾಗಿ, ಕ್ರಾಸ್ ಸ್ಟಾಫ್ ಎಂಬ ಕೋಲಿನ ಸೀಳುಗಳಲ್ಲಿ ಕಣ್ಣಿಟ್ಟು ಲಂಬವನ್ನು ಗೊತ್ತು ಮಾಡಿ, ಆಧಾರರೇಖೆಯಿಂದ ಬದುವಿನವರೆಗಿನ ದೂರವನ್ನು ಅಳೆಯುತ್ತಾನೆ. ಪ್ರತಿ ಮೂಲೆಗೂ ಎರಡು ಅಂಕಿಗಳು: ರೇಖೆಯ ಗುಂಟ ಎಷ್ಟು, ರೇಖೆಯಿಂದ ಎಷ್ಟು. ಅವು ಟಿಪ್ಪಣ ಎಂಬ ಕಾಗದದ ಮೇಲೆ ದಾಖಲಾಗುತ್ತವೆ. ಜಮೀನಿನ ತಂಟೆ ಬಂದಾಗ, ಹಿಸ್ಸೆಗಳನ್ನು ಬೇರ್ಪಡಿಸಿ ಪೋಡಿ ಮಾಡಿಸುವಾಗ, ಹಳೆಯ ಮುಂಬಯಿ ಕರ್ನಾಟಕದ ರೈತ ಇಂದಿಗೂ ಟಿಪ್ಪಣದ ನಕಲು ಕೇಳಿಕೊಂಡು ಭೂಮಾಪನ ಕಚೇರಿಗೆ ಹೋಗುತ್ತಾನೆ.

ಆಧಾರರೇಖೆಯನ್ನು ಕ್ಷ-ಅಕ್ಷ ಎಂದುಕೊಂಡರೆ ಟಿಪ್ಪಣದ ಎರಡು ಅಂಕಿಗಳು ಕ್ಷ ಮತ್ತು ಯ. ಒಂದು ಬದು 2 ಸರಪಳಿಯ ಎದುರಿಗೆ 3 ಸರಪಳಿ ದೂರದಲ್ಲಿ ಆರಂಭವಾಗಿ, 8 ಸರಪಳಿಯ ಎದುರಿಗೆ 6 ಸರಪಳಿ ದೂರದಲ್ಲಿ ಮುಗಿಯುತ್ತದೆ ಎನ್ನಿ. ಕ್ಷ 6ರಷ್ಟು ಹೋದಾಗ ಯ 3ರಷ್ಟು ಏರಿತು, ಇಳಿಜಾರು ಅರ್ಧ. ಸಮೀಕರಣ ಯ = ಕ್ಷ/2 + 2. ಈಗ 5 ಸರಪಳಿಯ ಎದುರಿಗೆ ಬದು ಎಲ್ಲಿರಬೇಕು? ನಾಲ್ಕೂವರೆ ಸರಪಳಿ ದೂರದಲ್ಲಿ. ಅಲ್ಲಿ ಐದು ಸರಪಳಿ ಬಂದರೆ ಪಕ್ಕದ ಹೊಲದ ಎಂಟು ಆಣೆಯಷ್ಟು ಅಗಲವನ್ನು ಯಾರೋ ರಂಟೆ ಹೊಡೆದುಕೊಂಡಿದ್ದಾರೆ ಎಂದೇ ಅರ್ಥ. ಬದುವಿಗೂ ಆಧಾರರೇಖೆಗೂ ನಡುವಿನ ನೆಲ: 3 ಮತ್ತು 6ರ ಸರಾಸರಿ ನಾಲ್ಕೂವರೆ, ಅದನ್ನು 6ರಿಂದ ಗುಣಿಸಿದರೆ 27 ಗುಂಟೆ.

ಮೋಜಿಣಿದಾರ ಸಮೀಕರಣ ಬರೆಯಲಿಲ್ಲ, ನಿಜ. ಅವನಿಗೆ ತ್ರಿಕೋನ, ತ್ರಾಪಿಜ್ಯಗಳ ಕ್ಷೇತ್ರಫಲ ಸಾಕಿತ್ತು. ಆದರೆ ಸಮೀಕರಣಕ್ಕೆ ಬೇಕಾದ ಸಾಮಗ್ರಿ ಎಲ್ಲ ಅವನ ಕಾಗದದಲ್ಲಿತ್ತು. ಅದೇ ತಾಲ್ಲೂಕಿನ ಶಾಲೆಯಲ್ಲಿ ಕುಳಿತ ಹುಡುಗನಿಗೆ ಮುಂದೆ ನಿರ್ದೇಶಾಂಕವನ್ನು ಯಾವುದೋ ಅಮೂರ್ತ ಅಕ್ಷಗಳಿಂದ ಹೇಳಿಕೊಟ್ಟದ್ದು ಈ ಚರಿತ್ರೆಯ ದೊಡ್ಡ ಲೋಪ.

ಕಾಲೇಜು

ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಆ ಕಾಲದ ಧಾರವಾಡದ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯ. ಡೆಪ್ಯುಟಿ ಚನ್ನಬಸಪ್ಪ ಕನ್ನಡ ಶಾಲೆಗಳಿಗಾಗಿ ದುಡಿದದ್ದು, 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ನಿರ್ದೇಶಾಂಕ ರೇಖಾಗಣಿತ ಕಾಲೇಜಿನ ವಿಷಯವಾದ್ದರಿಂದ ಅದನ್ನು ಓದಬಯಸಿದವನು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದಾಗ ಆ ಪ್ರಯಾಣ ತಪ್ಪಿತು.

ಪುಸ್ತಕಗಳು ಇಂಗ್ಲಿಷಿನವು. ಭಾರತದ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಆಳಿದ್ದು 1895ರಲ್ಲಿ ಮೊದಲು ಅಚ್ಚಾದ ಎಸ್. ಎಲ್. ಲೋನಿಯ ನಿರ್ದೇಶಾಂಕ ರೇಖಾಗಣಿತ. ಪ್ರವೇಶ ಪರೀಕ್ಷೆಗಳಿಗೆ ಓದುವ ಹುಡುಗರು ಇಂದಿಗೂ ಅದನ್ನು ಕೊಳ್ಳುತ್ತಾರೆ. ಇಳಿಜಾರಿನ ರೂಪ, ಎರಡೂ ಅಕ್ಷಗಳನ್ನು ಕಡಿಯುವ ರೂಪ, ಮೂಲಬಿಂದುವಿನಿಂದ ಬಿಟ್ಟ ಲಂಬದ ರೂಪ ಎಂದು ಒಂದೇ ಗೆರೆಗೆ ಹಲವು ಉಡುಪು ತೊಡಿಸುವ ಅವನ ಕ್ರಮವೇ ನಮ್ಮ ಪಿಯುಸಿ ಪಾಠಗಳಿಗೂ ಇಳಿದುಬಂದಿದೆ. ಗ್ರಾಫ್ ಹಾಳೆ ಮಾತ್ರ ಶಾಲೆಗೆ ತಡವಾಗಿ ಬಂತು. ಇಂಗ್ಲೆಂಡಿನಲ್ಲಿ ಜಾನ್ ಪೆರಿ 1901ರಲ್ಲಿ ಗಣಿತ ಬೋಧನೆಯ ಸುಧಾರಣೆಗೆ ಒತ್ತಾಯಿಸಿದ ಮೇಲೆ ಬೀಜಗಣಿತದ ಶಾಲಾ ಪುಸ್ತಕಗಳಲ್ಲಿ ನಕ್ಷೆಗಳ ಅಧ್ಯಾಯಗಳು ಕಾಣಿಸಿಕೊಂಡವು, ಅಲ್ಲಿಂದ ಇಲ್ಲಿಗೂ ದಾಟಿದವು.

1949ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ 1954ರಿಂದ 1967ರವರೆಗೆ ಕುಲಪತಿಯಾಗಿದ್ದವರು ಡಿ. ಸಿ. ಪಾವಟೆ (1899–1979). ಗೋಕಾಕ ತಾಲ್ಲೂಕಿನ ಮಮದಾಪುರದ ರೈತ ಸೀಮೆಯಿಂದ ಹೊರಟು ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆದವರು, ಮುಂದೆ ಪಂಜಾಬಿನ ರಾಜ್ಯಪಾಲರೂ ಆದರು. ಗುಡ್ಡದ ಮೇಲಿನ ವಿಶ್ವವಿದ್ಯಾಲಯ ಆವರಣ ಬೆಳೆದದ್ದು ಅವರ ಕಾಲದಲ್ಲಿ. ಊರಿನಲ್ಲಿ ಸಂಖ್ಯೆಗಳ ಬೆನ್ನುಹತ್ತಿದ ಇನ್ನೊಬ್ಬರೂ ಇದ್ದರು: ಸಾಧನಕೇರಿಯ ದ. ರಾ. ಬೇಂದ್ರೆ. ಅವರದು 441ರಂಥ ಅಂಕಿಗಳ ಒಳಗಿನ ಗೂಢಾರ್ಥದ ಹುಡುಕಾಟ. ಗೆರೆಯ ಗಣಿತಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಧಾರವಾಡದಲ್ಲಿ ಗಣಿತ ಎಂದರೆ ಅದನ್ನು ನೆನೆಯುವವರೂ ಇದ್ದಾರೆ.

ಹುಬ್ಬಳ್ಳಿಯ ಕಂಟ್ರೋಲ್ ಚಾರ್ಟ್

ಹುಬ್ಬಳ್ಳಿಯಲ್ಲಿ ಸರಳರೇಖೆ ದಿನಗೂಲಿಯಂತೆ ದುಡಿದದ್ದು ರೈಲ್ವೆಯಲ್ಲಿ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬಂದು ಊರು ವರ್ಕ್‌ಶಾಪಿನ ಪಟ್ಟಣವಾಯಿತು. 2003ರಿಂದ ಇದು ನೈಋತ್ಯ ರೈಲ್ವೆಯ ಕೇಂದ್ರ. ರೈಲುಗಳ ಓಡಾಟವನ್ನು ಗೆರೆಗಳಲ್ಲಿ ಬರೆಯುವ ಪದ್ಧತಿ 19ನೆಯ ಶತಮಾನದ ಫ್ರಾನ್ಸಿನದು. ಎ. ಜೆ. ಮಾರೆ 1878ರ ತನ್ನ ಪುಸ್ತಕದಲ್ಲಿ ಪ್ಯಾರಿಸ್–ಲಿಯಾನ್ ಮಾರ್ಗದ ಅಂಥ ಚಿತ್ರವನ್ನು ಅಚ್ಚು ಹಾಕಿಸಿದ್ದ. ಕಂಟ್ರೋಲ್ ಆಫೀಸಿನ ಚಾರ್ಟಿನಲ್ಲಿ ಅಡ್ಡಕ್ಕೆ ಗಂಟೆ-ನಿಮಿಷ, ನಿಲುವಿಗೆ ನಿಲ್ದಾಣಗಳು. ಪ್ರತಿ ರೈಲಿಗೂ ಒಂದು ಗೆರೆ. ಮೊದಲು ಕೈಯಿಂದ ಎಳೆಯುತ್ತಿದ್ದರು, ಈಗ ಕಂಪ್ಯೂಟರ್ ಎಳೆಯುತ್ತದೆ.

ಈ ಚಾರ್ಟಿನಲ್ಲಿ ಇಳಿಜಾರು ಎಂದರೆ ವೇಗ. ಎಕ್ಸ್‌ಪ್ರೆಸ್ಸಿನ ಗೆರೆ ಕಡಿದಾಗಿ, ಗೂಡ್ಸಿನ ಗೆರೆ ಮಲಗಿದಂತೆ. ನಿಲ್ದಾಣದಲ್ಲಿ ಕಾಯುತ್ತಿರುವ ರೈಲಿನದು ಪೂರ್ತಿ ಅಡ್ಡಗೆರೆ, ಇಳಿಜಾರು ಸೊನ್ನೆ. ನೆಟ್ಟಗೆ ನಿಂತ ಗೆರೆ ಇಲ್ಲಿ ಬರಲಾರದು, ಯಾಕೆಂದರೆ ಸಮಯವೇ ಕಳೆಯದೆ ಉಣಕಲ್ಲಿನಿಂದ ನವಲೂರಿಗೆ ಹೋಗುವ ರೈಲು ಇಲ್ಲ. ಲಂಬ ರೇಖೆಗೆ ಇಳಿಜಾರು ಹೇಳಲಾಗದು ಎಂಬ ಪಾಠ ಇದಕ್ಕಿಂತ ಸಲೀಸಾಗಿ ಎಲ್ಲಿಯೂ ತಿಳಿಯದು. ಹುಬ್ಬಳ್ಳಿ-ಧಾರವಾಡದ ನಡುವೆ 20 ಕಿ.ಮೀ. ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಹುಬ್ಬಳ್ಳಿಯಿಂದಲೂ 60 ಕಿ.ಮೀ. ವೇಗದ್ದು ಧಾರವಾಡದಿಂದಲೂ ಒಂದೇ ಹೊತ್ತಿಗೆ ಬಿಟ್ಟರೆ ಸಮೀಕರಣಗಳು (ಕ್ಷ ಗಂಟೆಗಳಲ್ಲಿ, ಯ ಹುಬ್ಬಳ್ಳಿಯಿಂದ ಕಿ.ಮೀ.ಗಳಲ್ಲಿ) ಯ = 40ಕ್ಷ ಮತ್ತು ಯ = 20 − 60ಕ್ಷ. ಅವು ಕೂಡುವುದು 12ನೆಯ ನಿಮಿಷಕ್ಕೆ, ಹುಬ್ಬಳ್ಳಿಯಿಂದ 8 ಕಿ.ಮೀ. ದೂರದಲ್ಲಿ. ಒಂಟಿ ಹಳಿಯ ಕಾಲದಲ್ಲಿ ಆ ಜಾಗ ನಿಲ್ದಾಣವಲ್ಲದಿದ್ದರೆ ಅಪಘಾತವೇ. ಹಾಗಾಗಿ ಕಂಟ್ರೋಲರ್ ಒಂದು ಗೆರೆಯನ್ನು ಪಕ್ಕಕ್ಕೆ ಸರಿಸುತ್ತಿದ್ದ, ಅಂದರೆ ‘ಮ’ವನ್ನು ಮುಟ್ಟದೆ ‘ಕ’ವನ್ನು ಬದಲಿಸುತ್ತಿದ್ದ. ಕೂಡುವ ಬಿಂದು ಸೈಡಿಂಗ್ ಇರುವ ನಿಲ್ದಾಣಕ್ಕೆ ಬಂದು ಬಿದ್ದ ಮೇಲೆ ಗಾಡಿಗೆ ಅಪ್ಪಣೆ.

ಹೆಸ್ಕಾಂ ವಿದ್ಯುತ್ ಬಿಲ್ಲಿನ ನಿಗದಿತ ಶುಲ್ಕ ಮತ್ತು ಯೂನಿಟ್ ದರ, ಆಟೋದ ಕನಿಷ್ಠ ಬಾಡಿಗೆ ಮತ್ತು ಮೀಟರು ಕೂಡ ಇದೇ ಜಾತಿಯ ಉದಾಹರಣೆಗಳು. ಪಠ್ಯಗಳು ಅವನ್ನು ಬೇಕಾದಷ್ಟು ಬಳಸಿವೆ.

ಇಂದಿನ ಪಠ್ಯ

ರಾಜ್ಯದ ಹಿಂದಿನ ಹತ್ತನೆಯ ತರಗತಿಯ ಪುಸ್ತಕದಲ್ಲಿ ಇಳಿಜಾರು ಮತ್ತು ‘ಎಂಎಕ್ಸ್ ಪ್ಲಸ್ ಸಿ’ ಎರಡೂ ಇದ್ದವು; ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಎರಡು ಬಿಂದು ಕೊಟ್ಟು ಇಳಿಜಾರು ಕೇಳುತ್ತಿದ್ದರು. 2018ರ ಸುಮಾರಿಗೆ ಎನ್‌ಸಿಇಆರ್‌ಟಿ ಪುಸ್ತಕಗಳು ಬಂದಾಗ ಆ ಭಾಗ ಹೋಯಿತು. ಈಗ ಹತ್ತನೆಯವರು ರೇಖಾತ್ಮಕ ಸಮೀಕರಣಗಳ ಜೋಡಿಯ ನಕ್ಷೆ ಎಳೆಯುತ್ತಾರೆ, ಬಿಂದುಗಳ ನಡುವಿನ ದೂರ ಕಂಡುಹಿಡಿಯುತ್ತಾರೆ. ಎಳೆದ ಗೆರೆ ಎಷ್ಟು ಓರೆ ಎಂದು ಕೇಳುವ ಪ್ರಶ್ನೆ ಪ್ರಥಮ ಪಿಯುಸಿ ವಿಜ್ಞಾನದ ‘ಸರಳರೇಖೆಗಳು’ ಅಧ್ಯಾಯದವರೆಗೆ ಕಾಯುತ್ತದೆ. ಕಲೆ ವಿಭಾಗಕ್ಕೋ ಐಟಿಐಗೋ ಹೋದ ವಿದ್ಯಾರ್ಥಿಗೆ ಅದು ಸಿಗುವುದೇ ಇಲ್ಲ. ಗೆರೆಯನ್ನು ಎಳೆಸಿ ಅದರ ಇಳಿಜಾರನ್ನು ಬಚ್ಚಿಡುವುದು ಸರಿಯಾದ ಕ್ರಮವಲ್ಲ. ಪಠ್ಯವನ್ನು ಮುಂದೆ ತಿದ್ದುವವರು ಇಳಿಜಾರನ್ನು ಹತ್ತನೆಯ ತರಗತಿಗೆ ಮರಳಿ ತರಬೇಕು, ಮೊದಲ ಉದಾಹರಣೆಯಾಗಿ ಒಂದು ಟಿಪ್ಪಣವನ್ನೂ ಒಂದು ಕಂಟ್ರೋಲ್ ಚಾರ್ಟನ್ನೂ ಪುಸ್ತಕದಲ್ಲಿ ಅಚ್ಚು ಹಾಕಬೇಕು.